ತೋಟದ ಸ್ಯೂಡೊಮೊನಾಸ್, ವಾರ್ಡಿನ ಸ್ಯೂಡೊಮೊನಾಸ್

ಕಾಳುಮೆಣಸು, ಶುಂಠಿ ಬೆಳೆಯುವ ಮಲೆನಾಡಿನವರಿಗೆ ಸ್ಯೂಡೊಮೊನಾಸ್ ಎಂದರೆ ಗೊಬ್ಬರದಂಗಡಿಯಲ್ಲಿ ಸಿಗುವ ಬಿಳಿ ಪುಡಿ. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ, ನೆರಳಿನಲ್ಲಿ ತೇವ ಆರದಂತೆ ಇಟ್ಟು, ಆಮೇಲೆ ಬುಡಕ್ಕೆ ಕೊಡುತ್ತಾರೆ. ಭತ್ತದವರು ಕಿಲೋ ಬಿತ್ತನೆ ಬೀಜಕ್ಕೆ 10 ಗ್ರಾಂನಂತೆ ಹಚ್ಚುತ್ತಾರೆ. ಅದೇ ಹೆಸರು ಸುಟ್ಟಗಾಯದ ವಾರ್ಡಿನ ಲ್ಯಾಬ್ ರಿಪೋರ್ಟಿನಲ್ಲಿ ಕಾಣಿಸಿಕೊಂಡರೆ ವೈದ್ಯರ ಮುಖ ಬಿಗಿಯಾಗುತ್ತದೆ.

ಪುಡಿಯಲ್ಲಿರುವುದು ಸ್ಯೂಡೊಮೊನಾಸ್ ಫ್ಲೋರೆಸೆನ್ಸ್, ವಾರ್ಡಿನಲ್ಲಿ ಕಾಡುವುದು ಸ್ಯೂಡೊಮೊನಾಸ್ ಏರುಜಿನೋಸ. ಪ್ರಭೇದ ಬೇರೆ, ಕುಲ ಒಂದೇ. ಒಂದನ್ನು ಒಳ್ಳೆಯದು, ಇನ್ನೊಂದನ್ನು ಕೆಟ್ಟದ್ದು ಎಂದು ವಿಂಗಡಿಸಿಬಿಡುವುದು ಸುಲಭ. ಆದರೆ ಎರಡೂ ಬದುಕುವುದು ಬಹುಪಾಲು ಒಂದೇ ಬಗೆಯ ಹತಾರಗಳಿಂದ.

ಕಬ್ಬಿಣವನ್ನೇ ನೋಡಿ. ಮಣ್ಣಿನಲ್ಲಿ ಅದು ಬೇಕಾದಷ್ಟಿದ್ದರೂ ತುಕ್ಕಿನ ರೂಪದಲ್ಲಿ ಕರಗದೆ ಕೂತಿರುತ್ತದೆ. ಫ್ಲೋರೆಸೆನ್ಸ್ ಪಯೋವರ್ಡಿನ್ ಎಂಬ ಹಳದಿ-ಹಸಿರು ವಸ್ತುವನ್ನು ಹೊರಗೆ ಬಿಟ್ಟು, ಆ ಕಬ್ಬಿಣವನ್ನು ಹಿಡಿದು ತನ್ನೊಳಗೆ ಎಳೆದುಕೊಳ್ಳುತ್ತದೆ. ಬೇರಿನ ಸುತ್ತ ಹೊಂಚುಹಾಕುವ ರೋಗದ ಶಿಲೀಂಧ್ರಕ್ಕೆ ಕಬ್ಬಿಣ ಸಿಗದೆ ಬೆಳವಣಿಗೆ ಕುಂಠಿತವಾಗುತ್ತದೆ. ಏರುಜಿನೋಸ ಕೂಡ ಪಯೋವರ್ಡಿನ್ ತಯಾರಿಸುತ್ತದೆ. ನಮ್ಮ ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಜೋಪಾನ ಮಾಡಿಟ್ಟ ಕಬ್ಬಿಣವನ್ನು ಈ ಪಯೋವರ್ಡಿನ್‌ನಿಂದಲೇ ಕಿತ್ತುಕೊಳ್ಳುತ್ತದೆ. ಬೇರನ್ನು ಕಾಯುವ ಉಪಾಯವೇ ಇಲ್ಲಿ ಸೋಂಕಿನ ಬಲ.

ಇನ್ನೊಂದು ಹತಾರ, ಜೀವಕೋಶದ ಪೊರೆಯಲ್ಲಿರುವ ಪಂಪು. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುವಂತೆ, ಒಳಬಂದ ವಿಷವನ್ನು ಅದು ಹೊರದಬ್ಬುತ್ತಿರುತ್ತದೆ. ಟೊಲ್ವೀನ್ ಎಂಬುದು ಬಣ್ಣದ ತಿನ್ನರ್‌ನಲ್ಲಿರುವ ದ್ರಾವಕ, ಬಹುತೇಕ ಸೂಕ್ಷ್ಮಜೀವಿಗಳಿಗೆ ಮಾರಕ. ಅರ್ಧಕ್ಕರ್ಧ ಟೊಲ್ವೀನ್ ಬೆರೆತ ದ್ರವದಲ್ಲೂ ಬೆಳೆಯುವ ಸ್ಯೂಡೊಮೊನಾಸ್ ಪುಟಿಡಾದ ತಳಿಯೊಂದನ್ನು ಜಪಾನಿನ ವಿಜ್ಞಾನಿಗಳು 1989ರಲ್ಲಿ ವರದಿ ಮಾಡಿದರು. ಕಲುಷಿತ ಮಣ್ಣನ್ನು ಶುದ್ಧಗೊಳಿಸಲು ಇಂಥ ಗಟ್ಟಿ ಜೀವವೇ ಬೇಕು. ಅದೇ ಬಗೆಯ ಪಂಪು ಏರುಜಿನೋಸದಲ್ಲಿ ಆಂಟಿಬಯೋಟಿಕ್ಕನ್ನು ಹೊರಹಾಕುತ್ತದೆ. ಜೊತೆಗೆ ಲೋಳೆಯ ಪದರ ಕಟ್ಟಿಕೊಂಡು ಆಸ್ಪತ್ರೆಯ ಸಿಂಕು, ನಲ್ಲಿ, ವೆಂಟಿಲೇಟರಿನ ಕೊಳವೆಗಳಲ್ಲಿ ಬೀಡುಬಿಡುತ್ತದೆ. ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್ಕಿಗೂ ಬಗ್ಗದ ಏರುಜಿನೋಸವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧ ತುರ್ತಾಗಿ ಬೇಕಾದ ರೋಗಾಣುಗಳ ಮೇಲಿನ ಸಾಲಿನಲ್ಲಿಟ್ಟಿತು.

ಜೀವಿಗೆ ಪೇಟೆಂಟ್ ಕೊಡಬಹುದೇ ಎಂಬ ವಾದವೂ ಈ ಕುಲದಿಂದಲೇ ಎದ್ದದ್ದು. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಆನಂದ ಚಕ್ರವರ್ತಿ, ಕಚ್ಚಾ ಎಣ್ಣೆಯ ಬೇರೆ ಬೇರೆ ಅಂಶಗಳನ್ನು ತಿನ್ನುವ ಶಕ್ತಿ ಕೊಡುವ ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕುಗಳನ್ನು ಒಂದೇ ಸ್ಯೂಡೊಮೊನಾಸ್‌ನಲ್ಲಿ ಕೂಡಿಸಿ 1972ರಲ್ಲಿ ಅರ್ಜಿ ಹಾಕಿದರು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ಅವರ ಪರ ತೀರ್ಪು ಕೊಟ್ಟಿತು.

ಚರ್ಮದ ಸೋಂಕಿಗೆ ಹಚ್ಚುವ ಮುಪಿರೋಸಿನ್ ಮುಲಾಮು ಕೂಡ ಫ್ಲೋರೆಸೆನ್ಸ್‌ನ ಕೊಡುಗೆಯೇ. 

ಕುಲ ಇಷ್ಟು ಒತ್ತಾಗಿ ಬೆಸೆದುಕೊಂಡಿರುವುದರಿಂದಲೇ ಪುಡಿ ತಯಾರಿಸುವವರ ಹೊಣೆ ದೊಡ್ಡದು. ಏರುಜಿನೋಸ ಕೂಡ ಬೇರಿನ ಸುತ್ತ ಸಿಗುತ್ತದೆ, ಶಿಲೀಂಧ್ರವನ್ನು ತಡೆಯುತ್ತದೆ. ಅತಿನೇರಳೆ ಬೆಳಕು ಹಿಡಿದರೆ ಎರಡನ್ನೂ ಬೆಳೆಸಿದ ಪ್ರಯೋಗದ ತಟ್ಟೆಗಳು ಹಳದಿ-ಹಸಿರಾಗಿ ಮಿನುಗುತ್ತವೆ. ನೋಡಿದ ಮಾತ್ರಕ್ಕೆ ಗುರುತು ಸಿಗದು. ಪ್ರಯೋಗಾಲಯದವರು ತಟ್ಟೆಯನ್ನು 42 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ನೋಡುತ್ತಾರೆ: ಏರುಜಿನೋಸ ಆ ಬಿಸಿಯಲ್ಲೂ ಬೆಳೆಯುತ್ತದೆ, ಫ್ಲೋರೆಸೆನ್ಸ್ ಬೆಳೆಯುವುದಿಲ್ಲ. ಪೊಟ್ಟಣದ ಮೇಲೆ ಬರೀ ‘ಸ್ಯೂಡೊಮೊನಾಸ್’ ಎಂದಿದ್ದರೆ ಅಂಗಡಿಯವರನ್ನು ಪ್ರಭೇದ ಯಾವುದೆಂದು ಕೇಳಿ, ಬಾಳಿಕೆಯ ದಿನಾಂಕವನ್ನೂ ನೋಡಿ ಕೊಳ್ಳಿ.