ವಿಳಂಬವೂ ಒಂದು ಪರೀಕ್ಷೆಯೇ?

ಹುಬ್ಬಳ್ಳಿಯಿಂದ ಹೊರಟ ಚಿಗರಿ ಬಸ್ಸು ಸತ್ತೂರ, ನವಲೂರುಗಳನ್ನು ದಾಟಿ ಧಾರವಾಡ ಸೇರುವಾಗ ಅದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿದ ತರುಣರು ಕಾಣುವುದು ಅಪರೂಪವಲ್ಲ. ಸಪ್ತಾಪುರದ ತರಬೇತಿ ಕೇಂದ್ರಗಳನ್ನು ನಂಬಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದವರು ಇವರು. ಕೊಠಡಿಯ ಬಾಡಿಗೆ, ಖಾನಾವಳಿಯ ಖರ್ಚು ತಿಂಗಳು ತಪ್ಪದೆ ಎದುರಾಗುತ್ತವೆ. ನೇಮಕಾತಿ ಅಧಿಸೂಚನೆಗೆ ಅಂಥ ಶಿಸ್ತಿಲ್ಲ.

ಸರ್ಕಾರಿ ಹುದ್ದೆಗೆ ಬರುವವರನ್ನು ಕಟ್ಟುನಿಟ್ಟಾಗಿ ಸೋಸಬೇಕೆಂಬುದರಲ್ಲಿ ಎರಡು ಮಾತಿಲ್ಲ. 545 ಪಿಎಸ್‌ಐ ಹುದ್ದೆಗಳ ಹಗರಣ ಅದರ ಅಗತ್ಯವನ್ನು ಸಾರಿ ಹೇಳಿತು. 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯ ಒಎಂಆರ್ ಹಾಳೆಗಳನ್ನೇ ತಿದ್ದಲಾಗಿದೆ ಎಂಬ ಆರೋಪದ ಮೇಲೆ ಸಿಐಡಿ ತನಿಖೆ ನಡೆದು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಅಧಿಕಾರಿಯೇ 2022ರಲ್ಲಿ ಬಂಧಿತರಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಅಕ್ರಮಕ್ಕೂ ತಮಗೂ ಸಂಬಂಧವೇ ಇಲ್ಲದ ಸಾವಿರಾರು ಮಂದಿ ಎರಡು ವರ್ಷಕ್ಕೂ ಮಿಕ್ಕಿ ಕಾದು ಮತ್ತೆ ಮೊದಲಿನಿಂದ ಓದಬೇಕಾಯಿತು.

ಈ ಕಾಯುವಿಕೆಯೇ ಪಠ್ಯಕ್ರಮದಲ್ಲಿಲ್ಲದ ಒಂದು ಪರೀಕ್ಷೆ. ಇದರಲ್ಲಿ ಅನುತ್ತೀರ್ಣರಾಗುವವರು ದಡ್ಡರಲ್ಲ, ಬಡವರು. ಮನೆಯಿಂದ ಇನ್ನೊಂದು ವರ್ಷ ಹಣ ತರಿಸಬಲ್ಲವರು ಉಳಿಯುತ್ತಾರೆ. ಉಳಿದವರು, ವಿಶೇಷವಾಗಿ ಮದುವೆಯ ಮಾತು ಎದ್ದ ಹೆಣ್ಣುಮಕ್ಕಳು, ಗಂಟು ಕಟ್ಟುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಧಾರವಾಡದ ಬೀದಿಗಿಳಿದ ಆಕಾಂಕ್ಷಿಗಳು ನೇಮಕಾತಿಯ ಜೊತೆಗೆ ವಯೋಮಿತಿ ಸಡಿಲಿಕೆಯನ್ನೂ ಕೇಳಿದ್ದು ಸುಮ್ಮನಲ್ಲ.

ಅಚ್ಚರಿಯೆಂದರೆ, ಪ್ರತಿ ಹಗರಣದ ಬಳಿಕ ಬಿಗಿಯಾಗುವುದು ಅಭ್ಯರ್ಥಿಯ ತಪಾಸಣೆ. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಅಕ್ರಮ ಬಯಲಾದ ಮೇಲೆ ತೋಳಿನ ಉದ್ದಕ್ಕೂ ಪಾದರಕ್ಷೆಗೂ ನಿಯಮ ಬಂದವು. ಬರಲಿ, ತಕರಾರಿಲ್ಲ. ಆದರೆ ಭದ್ರತಾ ಕೊಠಡಿಯ ಬೀಗದ ಕೈ ಹಿಡಿದವರ ಮೇಲೆ ಅಷ್ಟೇ ಕಣ್ಣಿದೆಯೇ? ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರ ಅರ್ಹತೆಯನ್ನು ಅಳೆಯುವವರಾರು? 384 ಕೆಎಎಸ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಭಾಷಾಂತರದ ದೋಷಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಆಗಲೂ ಕನ್ನಡದ ಪ್ರಶ್ನೆಗಳಲ್ಲಿ ತಪ್ಪುಗಳಿದ್ದವು!

ಜಾಗರೂಕತೆಗೆ ವಿಳಂಬ ಅನಿವಾರ್ಯವೆಂಬ ವಾದವೂ ನಿಲ್ಲುವುದಿಲ್ಲ. ಕೇಂದ್ರ ಲೋಕಸೇವಾ ಆಯೋಗವು ಲಕ್ಷಾಂತರ ಅಭ್ಯರ್ಥಿಗಳನ್ನು ಮೂರು ಹಂತಗಳಲ್ಲಿ ಸೋಸಿಯೂ ನಾಗರಿಕ ಸೇವಾ ಪರೀಕ್ಷೆಯನ್ನು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಮುಗಿಸುತ್ತದೆ; ವೇಳಾಪಟ್ಟಿಯನ್ನೂ ಮೊದಲೇ ಪ್ರಕಟಿಸುತ್ತದೆ. ರಾಜ್ಯದಲ್ಲಿ ಅಂಥದೊಂದು ವೇಳಾಪಟ್ಟಿಗೆ ಶಾಸನದ ಬಲ ಬೇಕು. ಇಲಾಖೆಯ ಅಥವಾ ಆಯೋಗದ ತಪ್ಪಿನಿಂದ ಮರುಪರೀಕ್ಷೆ ನಡೆದರೆ ಅಭ್ಯರ್ಥಿಯ ಪ್ರಯಾಣವೆಚ್ಚವನ್ನು ಅವುಗಳೇ ಭರಿಸಲಿ. ಆ ಅವಧಿಯಷ್ಟು ವಯೋಮಿತಿಯನ್ನು ಯಾರೂ ಬೀದಿಗಿಳಿದು ಕೇಳದೆಯೇ ಸಡಿಲಿಸಲಿ.