ಹದಿನಾಲ್ಕು ಅಕ್ಷರ, ಎರಡು ತುಂಡು

‘ಪಾಸ್‌ವರ್ಡ್ ಉದ್ದವಾಗಿದ್ದು, ದೊಡ್ಡಕ್ಷರ-ಸಣ್ಣಕ್ಷರ ಬೆರೆತಿದ್ದರೆ ಯಾರೂ ಒಡೆಯಲಾರರು ಅಲ್ಲವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಒಡೆಯಬಹುದು. ಪಾಸ್‌ವರ್ಡ್ ಪಡೆದ ಯಂತ್ರ ಅದನ್ನು ಏನು ಮಾಡುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೈಕ್ರೋಸಾಫ್ಟ್ 1980ರ ದಶಕದಲ್ಲಿ ತಂದ ನೆಟ್‌ವರ್ಕ್ ತಂತ್ರಾಂಶ ಲ್ಯಾನ್ ಮ್ಯಾನೇಜರನ್ನೇ ನೋಡಿ. ಅದು ಪಾಸ್‌ವರ್ಡನ್ನು ಇದ್ದಂತೆಯೇ ಇಡುತ್ತಿರಲಿಲ್ಲ, ಅದರಿಂದ ‘ಹ್ಯಾಶ್’ ಎಂಬ ಗುಪ್ತರೂಪ ತಯಾರಿಸಿ ಇಡುತ್ತಿತ್ತು. ಸರ್ವರ್‌ಗೆ ನೀವು ಯಾರೆಂದು ಸಾಬೀತುಪಡಿಸಲು ಆ ಹ್ಯಾಶೇ ಆಧಾರ. ತಯಾರಿಸುವ ಬಗೆ ಮಾತ್ರ ವಿಚಿತ್ರ! ‘ಬೆಂಗಳೂರು2005’ ಎಂದು ಇಂಗ್ಲಿಷಿನಲ್ಲಿ ಕೊಟ್ಟಿರಿ ಅನ್ನಿ, ಹದಿಮೂರು ಅಕ್ಷರ. ಮೊದಲು ಎಲ್ಲವೂ ದೊಡ್ಡಕ್ಷರವಾಗುತ್ತದೆ. ನೀವು ಬೆರೆಸಿದ ಶ್ರಮ ಅಲ್ಲಿಗೇ ವ್ಯರ್ಥ. ಕೊನೆಗೆ ಒಂದು ಖಾಲಿ ಬೈಟ್ ಸೇರಿ ಹದಿನಾಲ್ಕಾಗುತ್ತದೆ. ಆಮೇಲೆ ನಡುವೆ ಕತ್ತರಿ: ಒಂದೆಡೆ ‘ಬೆಂಗಳೂ’, ಇನ್ನೊಂದೆಡೆ ‘ರು2005’. ಇಲ್ಲಿ ಬಳಸುವ ಡಿಇಎಸ್ ಗೂಢಲಿಪಿಯ ಕೀಲಿ 56 ಬಿಟ್, ಅಂದರೆ ಏಳು ಬೈಟ್. ಅದಕ್ಕೇ ಏಳೇಳು. ಪ್ರತಿ ತುಂಡನ್ನೂ ಕೀಲಿಯಾಗಿ ಬಳಸಿ ಎಂಟಕ್ಷರದ ಒಂದು ಸಾಲನ್ನು ಗೂಢಲಿಪಿಗೆ ತಿರುಗಿಸುತ್ತದೆ. ಆ ಸಾಲೂ ಎಲ್ಲ ಯಂತ್ರಗಳಲ್ಲಿ ಒಂದೇ: ಕೆ, ಜಿ, ಎಸ್, ಮುಂದೆ ಶಿಫ್ಟ್ ಒತ್ತಿ 1ರಿಂದ 5ರವರೆಗೆ ಹೊಡೆದರೆ ಮೂಡುವ ಚಿಹ್ನೆಗಳು!

ಲೆಕ್ಕ ಹಾಕಿ. 26 ಅಕ್ಷರ, 10 ಅಂಕಿ. ಏಳು ಸ್ಥಾನಗಳಿಗೆ ಸುಮಾರು 7,800 ಕೋಟಿ ಸಾಧ್ಯತೆ. ಹದಿನಾಲ್ಕೂ ಒಟ್ಟಿಗಿದ್ದರೆ ಇದನ್ನು ಇದರಿಂದಲೇ ಗುಣಿಸಬೇಕಿತ್ತು. ಕತ್ತರಿಸಿದ್ದರಿಂದ ಎರಡರಿಂದ ಗುಣಿಸಿದರೆ ಮುಗಿಯಿತು. ಅದರಲ್ಲೂ ‘ರು2005’ ಸಿಕ್ಕಿಬಿಟ್ಟರೆ ಮೊದಲರ್ಧವನ್ನು ಊಹಿಸಲು ಕಂಪ್ಯೂಟರೇ ಬೇಡ.

2003ರಲ್ಲಿ ಸ್ವಿಟ್ಜರ್ಲೆಂಡಿನ ಫಿಲಿಪ್ ಓಕ್ಸ್‌ಲಿನ್ ಮೊದಲೇ ಲೆಕ್ಕ ಹಾಕಿಟ್ಟ 1.4 ಗಿಗಾಬೈಟ್ ಕೋಷ್ಟಕಗಳಿಂದ, ಬರೀ ಅಕ್ಷರ-ಅಂಕಿಗಳಿರುವ ಇಂಥ ಪಾಸ್‌ವರ್ಡ್‌ಗಳಲ್ಲಿ ಶೇ 99.9ರಷ್ಟನ್ನು 13.6 ಸೆಕೆಂಡಿನಲ್ಲಿ ಒಡೆಯಬಹುದೆಂದು ತೋರಿಸಿದರು. ಸೊಗಸೆಂದರೆ, ಪಾಸ್‌ವರ್ಡ್ 15 ಅಕ್ಷರ ಮುಟ್ಟಿದರೆ ಈ ಹ್ಯಾಶ್ ಹುಟ್ಟುವುದೇ ಇಲ್ಲ. ಹದಿನಾಲ್ಕಕ್ಕೂ ಹದಿನೈದಕ್ಕೂ ಅಷ್ಟು ಅಂತರ!

ಹಳೆಯ ಯಂತ್ರಗಳಿಗೆ ಹೊಂದಿಕೆಯಾಗಲಿ ಎಂದು ವಿಂಡೋಸ್ ಎಕ್ಸ್‌ಪಿ ಕೂಡ ಈ ಹ್ಯಾಶನ್ನು ಇಡುತ್ತಲೇ ಇತ್ತು. ನಂತರ ಬಂದ ವಿಸ್ಟಾದಿಂದ ತಾನಾಗಿ ಇಡುವುದು ನಿಂತಿತು. ‘ಇಷ್ಟು ವರ್ಷ ನಡೆದಿದೆ, ಮುಟ್ಟಬೇಡಿ’ ಎನ್ನುವುದು ಸರ್ವರ್ ಕೋಣೆಯ ಮೂಢನಂಬಿಕೆ, ಬಿಡಿ ಅದನ್ನು. ಕಚೇರಿಯ ಮೂಲೆಯಲ್ಲಿ ಆ ಕಾಲದ ಯಂತ್ರ ಇನ್ನೂ ಓಡುತ್ತಿದ್ದರೆ, ಹ್ಯಾಶ್ ಉಳಿಸುವ ಸೆಟ್ಟಿಂಗನ್ನು ಆಫ್ ಮಾಡಿಸಿ, ನಂತರ ಎಲ್ಲರ ಪಾಸ್‌ವರ್ಡನ್ನೂ ಬದಲಾಯಿಸಿ. ಬದಲಾಯಿಸುವವರೆಗೂ ಹಳೆಯ ಹ್ಯಾಶ್ ಯಂತ್ರದಲ್ಲೇ ಉಳಿದಿರುತ್ತದೆ.