ತೇಲುವುದೆಲ್ಲ ಅಜೋಲ್ಲಾ ಅಲ್ಲ



ಹಿಂಡಿಯ ಖರ್ಚು ಸ್ವಲ್ಪವಾದರೂ ಇಳಿಯಲಿ ಎಂದು ಹಿರೇಹಡಗಲಿ ಸುತ್ತಮುತ್ತ ಅಜೋಲ್ಲಾ ತೊಟ್ಟಿ ಮಾಡುವ ಯೋಚನೆ ನಿಮಗೂ ಇರಬಹುದು. ಒಳ್ಳೆಯದೇ. ಆದರೆ ಕೆರೆ, ಕಾಲುವೆಯಲ್ಲಿ ಹಸಿರಾಗಿ ತೇಲುವುದನ್ನೆಲ್ಲ ಅಜೋಲ್ಲಾ ಎಂದು ಬುಟ್ಟಿಗೆ ತುಂಬಬೇಡಿ. ಮೊದಲು ಒಂದು ಎಳೆಯನ್ನು ಅಂಗೈ ಮೇಲಿಟ್ಟು ನೋಡಿ.

ಗುರುತು ಹೀಗಿದೆ

ಅಜೋಲ್ಲಾ ಒಂದು ಜರೀಗಿಡ. ಮಲೆನಾಡಿನ ಕಾಡಿನಲ್ಲಿ ಗರಿಯಂಥ ಎಲೆ ಬಿಡುವ ಜರೀಗಿಡಗಳ ಸಂಬಂಧಿ. ಹೂವಿಲ್ಲ, ಕಾಯಿಲ್ಲ. ನಮ್ಮ ದೇಶದ ಜಾತಿಯ ಹೆಸರು ಅಜೋಲ್ಲಾ ಪಿನ್ನೇಟಾ. ಗಿಡ ಹೆಬ್ಬೆರಳ ಉಗುರಿನಷ್ಟು, ಆಕಾರ ಮುಕ್ಕೋನ. ಪುಟ್ಟ ಎಲೆಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ತಿರುವಿ ನೋಡಿದರೆ ಕೆಳಗೆ ದಾರದಂಥ ಬೇರುಗಳು ಜೋತಾಡುತ್ತವೆ.

ಎಲೆ ನಯವಾಗಿ, ಚಪ್ಪಟೆಯಾಗಿ, ಸಾಸಿವೆಗಿಂತ ತುಸು ದೊಡ್ಡದಿದ್ದು, ಕವಲಿಲ್ಲದಿದ್ದರೆ ಅದು ಡಕ್‌ವೀಡ್. ಎಲೆಗಳು ಜೋಡಿಜೋಡಿಯಾಗಿ, ಮೇಲ್ಭಾಗ ರೋಮ ರೋಮವಾಗಿದ್ದು, ಕೆಳಗೆ ಕಂದು ಕುಚ್ಚು ನೇತಾಡುತ್ತಿದ್ದರೆ ಅದು ಸಾಲ್ವೀನಿಯಾ. ಇದೂ ಜರೀಗಿಡವೇ, ಆದರೆ ಹೊರದೇಶದಿಂದ ಬಂದ ಕಳೆ. ತೊಟ್ಟಿಗೆ ಬಿಡಬೇಡಿ.

ಅಜೋಲ್ಲಾ ಕೆಂಪಾದರೆ ಬೇರೆ ಗಿಡ ಎಂದುಕೊಳ್ಳಬೇಡಿ. ಕಡುಬಿಸಿಲು, ಚಳಿ ಅಥವಾ ರಂಜಕದ ಕೊರತೆಯಿಂದ ಬಣ್ಣ ತಿರುಗುತ್ತದೆ. ನಮ್ಮ ಬೇಸಿಗೆಯಲ್ಲಿ ತೊಟ್ಟಿಯ ಮೇಲೆ ನೆರಳು ಬೇಕೇ ಬೇಕು.

ಕೆರೆಯದು ಏಕೆ ಬೇಡ?

ಗುರುತು ಸರಿಯಿದ್ದರೂ ಕೆರೆಯಿಂದ ತಂದು ನೇರವಾಗಿ ತಿನ್ನಿಸಬೇಡಿ. ಬಸವನಹುಳುವಿರುವ ನೀರಿನ ಗಿಡಗಳಿಗೆ ಲಿವರ್ ಜಂತುವಿನ ಮರಿಗಳು ಅಂಟಿಕೊಂಡಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ದನದ ಹೊಟ್ಟೆ ಸೇರಿದರೆ ಅವು ಪಿತ್ತಜನಕಾಂಗವನ್ನೇ ಕೊರೆಯುತ್ತವೆ. ಹಾಲು ಇಳಿಯುತ್ತದೆ, ದನ ಸೊರಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಬಾವು ಬರುತ್ತದೆ. ಹಿಂಡಿಯಲ್ಲಿ ಉಳಿಸಿದ ದುಡ್ಡು ಔಷಧಿಗೆ ಹೋಗುತ್ತದೆ. ಆದ್ದರಿಂದ ಬೀಜದ ಅಜೋಲ್ಲಾವನ್ನು ಕೃಷಿ ವಿಜ್ಞಾನ ಕೇಂದ್ರದಿಂದ ಅಥವಾ ಶುದ್ಧ ತೊಟ್ಟಿ ಇರುವ ಮನೆಯಿಂದ ತನ್ನಿ.

ಎಷ್ಟು ಹಾಕಬೇಕು?

ಅಜೋಲ್ಲಾದ ಎಲೆಯೊಳಗಿನ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಅದಕ್ಕೇ ಒಣಗಿದ 100 ಗ್ರಾಂನಲ್ಲಿ ಸುಮಾರು 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ಆದರೆ ಹಸಿಯದರಲ್ಲಿ 90 ಭಾಗಕ್ಕೂ ಹೆಚ್ಚು ನೀರೇ. ಹಿಂಡಿ, ಮೇವು ಪೂರ್ತಿ ಬಿಡಿಸಲು ಇದು ಸಾಲದು. ಸಗಣಿ ವಾಸನೆ ಹೋಗುವವರೆಗೆ ಚೆನ್ನಾಗಿ ತೊಳೆದು, ಹಿಂಡಿಯಲ್ಲಿ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ದೊಡ್ಡ ದನಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಸಾಕು.

ಗುರುತು ಹಿಡಿಯಲು ಸಂಶಯವಾದರೆ ಒಂದು ಹಿಡಿಯನ್ನು ನೀರಿನ ಸಮೇತ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ತನ್ನಿ. ಕೂತು ನೋಡೋಣ.